ಮಸ್ಕಿಯ ಮಣ್ಣಿನಲ್ಲಿ ಕಡಲ ಶಂಖ

ಸಿಂಧನೂರು–ಲಿಂಗಸುಗೂರು ದಾರಿಯಲ್ಲಿರುವ ಮಸ್ಕಿಗೆ ಯಾವ ದಿಕ್ಕಿನಲ್ಲೂ ಕಡಲು ಹತ್ತಿರವಿಲ್ಲ. ಆದರೂ ಇಲ್ಲಿನ ಪ್ರಾಚೀನ ಜನವಸತಿಯ ನೆಲೆಯಲ್ಲಿ ಶಂಖದ ಬಳೆಯ ಚೂರುಗಳು ಸಿಕ್ಕಿವೆ. ಶಂಖ ಬೆಳೆಯುವುದು ಸಮುದ್ರದಲ್ಲಿ ಮಾತ್ರ. ನೂರಾರು ಕಿಲೋಮೀಟರ್ ದೂರದ ಕರಾವಳಿಯಿಂದ ಕೈಯಿಂದ ಕೈಗೆ ದಾಟಿಯೇ ಅದು ಇಲ್ಲಿಗೆ ಬಂದಿರಬೇಕು.

ಬಳೆ ಮಾಡುವವರು ಶಂಖದ ತುದಿ ಒಡೆದು, ಒಳಗಿನ ಸುರುಳಿಗಂಬ ತೆಗೆದು, ಉಳಿದ ಪೊಳ್ಳು ಭಾಗವನ್ನು ಗರಗಸದಿಂದ ಅಡ್ಡಕ್ಕೆ ಕೊಯ್ಯುತ್ತಾರೆ. ಒಂದು ಶಂಖಕ್ಕೆ ಸಿಗುವುದು ಕೆಲವೇ ಬಳೆ. ಬಳೆಯನ್ನು ಎಷ್ಟೇ ಉಜ್ಜಿ ನಯಗೊಳಿಸಿದರೂ ಚಿಪ್ಪಿನ ಒಳಗೋಡೆ ಸೇರಿದ್ದ ಜಾಗದಲ್ಲಿ ಚಿಕ್ಕದೊಂದು ಉಬ್ಬು ಉಳಿಯುತ್ತದೆ. ಹಳೆಯ ಚೂರು ಕೈಗೆ ಬಂದಾಗ ಮೊದಲು ಹುಡುಕಬೇಕಾದ ಗುರುತು ಅದೇ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ನೂರಾರು ನೆಲೆಗಳಿಂದ ಕೂಡಿಹಾಕಿದ, ಶಂಖದ ಬಳೆಯ ಚೂರುಗಳೂ ಸೇರಿದ ವಸ್ತುಗಳು 1904ರಲ್ಲಿ ಮದ್ರಾಸು ವಸ್ತುಸಂಗ್ರಹಾಲಯಕ್ಕೆ ಸೇರಿದವು. ಅವುಗಳ ಕಾಲ ಮತ್ತು ಹರವು ಕುರಿತ ಫೂಟ್ ಅವರ ಟಿಪ್ಪಣಿಗಳು 1916ರಲ್ಲಿ ಪುಸ್ತಕವಾಗಿ ಅಚ್ಚಾದವು. ಮನ್ನಾರ್ ಕೊಲ್ಲಿಯ ಶಂಖ ಹಿಡಿಯುವ ಕಸುಬನ್ನು ಮೀನುಗಾರಿಕೆ ತಜ್ಞ ಜೇಮ್ಸ್ ಹಾರ್ನೆಲ್ 1914ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಬಳೆಯ ಚೂರಿಗೂ ಕಡಲಿಗೂ ನಡುವಿನ ದಾರಿ ತೆರೆದುಕೊಳ್ಳುವುದು ಈ ಎರಡು ಪುಸ್ತಕಗಳನ್ನು ಒಟ್ಟಿಗಿಟ್ಟು ಓದಿದಾಗ.

ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂತು. ಬಿ.ಕೆ. ಥಾಪರ್ 1954ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ಅದರ ವರದಿ 1957ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯ 13ನೇ ಸಂಚಿಕೆಯಲ್ಲಿ ಅಚ್ಚಾಯಿತು.