ತಂತಿಯ ಎತ್ತರ: ವೀಣೆಯ ಮೇಣದಿಂದ ಗಿಟಾರಿನ ಸ್ಯಾಡಲ್‌ವರೆಗೆ

ಅರಳಸುರಳಿ, ಹೊಸನಗರ, ಸಾಗರ – ಮಲೆನಾಡಿನ ಯಾವ ಊರಿನವರಿಗೂ ಇದು ಪರಿಚಿತ ಅನುಭವ. ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಆಷಾಢದ ಮಳೆ ಹಿಡಿಯಿತೆಂದರೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮರ ತೇವವನ್ನು ಹೀರಿ ಉಬ್ಬುವುದೇ ಇದಕ್ಕೆ ಕಾರಣ. ಅದೇ ಮನೆಯಲ್ಲಿ ಒಂದು ಗಿಟಾರ್ ಇದ್ದರೆ ಅದಕ್ಕೂ ಇದೇ ಗತಿ. ತಂತಿಗಳು ಮೆಟ್ಟಿಲುಗಳಿಂದ ದೂರ ಸರಿಯುತ್ತವೆ. ಕಲಿಯುವ ಹುಡುಗನ ಬೆರಳ ತುದಿ ನೋಯುತ್ತದೆ, ಒತ್ತಿದ ಸ್ವರ ಶ್ರುತಿ ತಪ್ಪುತ್ತದೆ. ಆಗ ಮನೆಯಲ್ಲಿರುವ ಅರ ಕೈಗೆ ಬರುತ್ತದೆ: "ತಂತಿ ಕೂರುವ ತುಂಡನ್ನು ಸ್ವಲ್ಪ ಉಜ್ಜಿಬಿಟ್ಟರಾಯಿತು!"

ಉಜ್ಜಬಹುದೇ? ಎಷ್ಟು? ಯಾವಾಗ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೊರಟರೆ ತಂತಿವಾದ್ಯಗಳ ಇತಿಹಾಸದ ಒಂದು ಸ್ವಾರಸ್ಯಕರ ಅಧ್ಯಾಯವೇ ತೆರೆದುಕೊಳ್ಳುತ್ತದೆ.

ಮೇಣದ ಮೇಲಿನ ಮೆಟ್ಟಿಲು

ನಮ್ಮ ನಾಡಿಗೆ ಹತ್ತಿರದ ವಾದ್ಯದಿಂದಲೇ ಆರಂಭಿಸೋಣ. ವಿಜಯನಗರದ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ 'ಸ್ವರಮೇಳಕಲಾನಿಧಿ' ಎಂಬ ಗ್ರಂಥವನ್ನು ರಚಿಸಿದ. ವೀಣೆಯ ಮೆಟ್ಟಿಲುಗಳನ್ನು ಯಾವ ಸ್ವರಕ್ಕೆ ಎಲ್ಲಿ ಇಡಬೇಕು ಎಂಬುದನ್ನು ಅದು ವಿವರಿಸುತ್ತದೆ. ಇಂದಿನ ಸರಸ್ವತಿ ವೀಣೆಗೆ 24 ಮೆಟ್ಟಿಲುಗಳು. ಇವನ್ನು ಮರಕ್ಕೆ ಮೊಳೆ ಹೊಡೆದು ಕೂರಿಸುವುದಿಲ್ಲ. ಮಸಿ ಬೆರೆಸಿದ ಜೇನುಮೇಣದ ಏಣಿನ ಮೇಲೆ ಕೂರಿಸುತ್ತಾರೆ. ಈ ಕೆಲಸಕ್ಕೆ 'ಮೇಳ ಕಟ್ಟುವುದು' ಎಂದೇ ಹೆಸರು.

ಮೇಣ ಏಕೆ? ಕಾಯಿಸಿದರೆ ಅದು ಮೆತ್ತಗಾಗುತ್ತದೆ. ಆಗ ಮೆಟ್ಟಿಲನ್ನು ಹಿಂದೆ ಮುಂದೆ ಸರಿಸಬಹುದು, ಕೊಂಚ ಏರಿಸಬಹುದು, ಇಳಿಸಬಹುದು. ಹಲಸು ಅಥವಾ ಬೀಟೆಯ ಮರ ವರ್ಷಗಳ ನಂತರ ಸ್ವಲ್ಪ ಬಾಗಿದರೂ ಮೇಳವನ್ನು ಮತ್ತೆ ಕಟ್ಟಿದರೆ ವಾದ್ಯ ಸರಿಹೋಗುತ್ತದೆ. ಅಂದರೆ ತಂತಿಯ ಎತ್ತರವನ್ನು ಹೊಂದಿಸುವ ವ್ಯವಸ್ಥೆ ವೀಣೆಯ ರಚನೆಯಲ್ಲೇ ಇದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಮೇಣ ಶಾಶ್ವತವಲ್ಲ, ಆಗಾಗ ರಿಪೇರಿ ತಪ್ಪಿದ್ದಲ್ಲ.

ಗೆಲಿಲಿಯೋನ ತಂದೆಯ ಲೆಕ್ಕ

ಯುರೋಪಿನ ಲ್ಯೂಟ್ ಹಾಗೂ ಹಳೆಯ ಗಿಟಾರುಗಳಲ್ಲಿ ಮೆಟ್ಟಿಲುಗಳೆಂದರೆ ಹಿಡಿಕೆಗೆ ಸುತ್ತಿ ಕಟ್ಟಿದ ಕರುಳಿನ ದಾರಗಳು. ಅವನ್ನೂ ಸರಿಸಬಹುದಾಗಿತ್ತು. ಖಗೋಳ ವಿಜ್ಞಾನಿ ಗೆಲಿಲಿಯೋನ ತಂದೆ ವಿನ್ಸೆಂಜೊ ಗೆಲಿಲಿ ಸಂಗೀತಗಾರ. 1581ರ ತನ್ನ ಗ್ರಂಥದಲ್ಲಿ ಆತ ಒಂದು ಸುಲಭ ಸೂತ್ರ ಕೊಟ್ಟ: ಪ್ರತಿ ಮೆಟ್ಟಿಲಿಗೂ ಉಳಿದ ತಂತಿಯ 18ನೇ ಒಂದು ಭಾಗವನ್ನು ಕಳೆಯುತ್ತ ಹೋಗಿ.

ಲೆಕ್ಕ ಮಾಡಿ ನೋಡಿ. 650 ಮಿ.ಮೀ. ತಂತಿಯನ್ನು 12 ಬಾರಿ 17/18ರಿಂದ ಗುಣಿಸಿದರೆ ಸುಮಾರು 327.4 ಮಿ.ಮೀ. ಉಳಿಯುತ್ತದೆ. ಮೇಲಿನ ಷಡ್ಜ ಬರಬೇಕಾದರೆ ಸರಿಯಾಗಿ ಅರ್ಧ, ಅಂದರೆ 325 ಮಿ.ಮೀ. ಇರಬೇಕಿತ್ತು. ಹಾಗಾದರೆ ಈ ಸೂತ್ರ ತಪ್ಪೇ? ಪೂರ್ತಿ ತಪ್ಪಲ್ಲ! ಬೆರಳಿನಿಂದ ಒತ್ತಿದಾಗ ತಂತಿ ಕೊಂಚ ಹಿಗ್ಗುತ್ತದೆ, ಕರ್ಷಣ ಹೆಚ್ಚಿ ಸ್ವರ ಮೇಲೇರುತ್ತದೆ. ಉದ್ದದಲ್ಲಿ ಉಳಿದ ಆ ಹೆಚ್ಚುವರಿ ಎರಡು ಚಿಲ್ಲರೆ ಮಿಲಿಮೀಟರು ಈ ಏರಿಕೆಯನ್ನು ಸ್ವಲ್ಪಮಟ್ಟಿಗೆ ಸರಿದೂಗಿಸುತ್ತದೆ.

ಈ ಹಿಗ್ಗುವಿಕೆ ಎಷ್ಟು? 12ನೇ ಮೆಟ್ಟಿಲು ತಂತಿಯ ನಟ್ಟನಡುವೆ ಇದೆ. ಅಲ್ಲಿ ತಂತಿಯ ಎತ್ತರ 2.5 ಮಿ.ಮೀ. ಎಂದಿಟ್ಟುಕೊಳ್ಳಿ. ಒತ್ತಿದಾಗ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಪೈಥಾಗೊರಸನ ಪ್ರಮೇಯದಿಂದ ತಂತಿ ಸುಮಾರು 0.019 ಮಿ.ಮೀ. ಹಿಗ್ಗಿತೆಂದು ತಿಳಿಯುತ್ತದೆ. ಎತ್ತರ 5 ಮಿ.ಮೀ. ಆದರೆ ಹಿಗ್ಗುವುದು 0.077 ಮಿ.ಮೀ. ಎತ್ತರ ಎರಡು ಪಟ್ಟಾದರೆ ಹಿಗ್ಗುವಿಕೆ ನಾಲ್ಕು ಪಟ್ಟು! ತಂತಿಯ ಆವೃತ್ತಿ ಕರ್ಷಣದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ಮರ್ಸೆನ್ 1636ರಲ್ಲಿ ಪ್ರಕಟಿಸಿದ. ಅದನ್ನು ಅನ್ವಯಿಸಿದರೆ ಗಿಟಾರಿನ ಅತಿ ತೆಳುವಾದ ಉಕ್ಕಿನ ತಂತಿಯ ಸ್ವರ ಮೊದಲ ಸಂದರ್ಭದಲ್ಲಿ ಸುಮಾರು ಶೇ. 0.2, ಎರಡನೆಯದರಲ್ಲಿ ಸುಮಾರು ಶೇ. 0.8 ಏರುತ್ತದೆ. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಇರುವ ಅಂತರವೇ ಸುಮಾರು ಶೇ. 6. ಆದ್ದರಿಂದ ಶೇ. 0.8 ಎಂಬುದು ಕಿವಿಗೆ ತಿಳಿಯುವಂಥ ದೋಷ. ತಂತಿಯನ್ನು ತಗ್ಗಿಸುವುದು ಬೆರಳಿನ ಸುಖಕ್ಕಷ್ಟೇ ಅಲ್ಲ, ಶ್ರುತಿಗೂ ಬೇಕು.

ರಾಮನ್ ಕಂಡ ಕುದುರೆ

ಹಾಗೆಂದು ಎಷ್ಟು ಬೇಕಾದರೂ ತಗ್ಗಿಸಬಹುದೇ? ಇಲ್ಲ. ಕಂಪಿಸುವ ತಂತಿಗೆ ಜಾಗ ಬೇಕು. ತೀರ ತಗ್ಗಿದರೆ ಅದು ಮೆಟ್ಟಿಲಿಗೆ ಬಡಿದು 'ಝರ್' ಎನ್ನುತ್ತದೆ. ಗಿಟಾರಿನಲ್ಲಿ ಇದು ದೋಷ. ಆದರೆ ತಂಬೂರಿಯಲ್ಲಿ? ಅಲ್ಲಿ ಕುದುರೆಯ ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು, ಇಂಥದೇ ಒಂದು ಸವರುವಿಕೆಯನ್ನು ಬೇಕೆಂದೇ ತರಿಸುತ್ತಾರೆ. ಅದೇ ಜೀವಾಳಿ.

ಇದರ ವಿಜ್ಞಾನವನ್ನು ಬಿಡಿಸಿದವರು ಸಿ.ವಿ. ರಾಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಬಂದದ್ದು 1933ರಲ್ಲಿ. ಅದಕ್ಕೂ ಮೊದಲೇ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ್ದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ, ಆ ಬಿಂದುವಿನಲ್ಲಿ ನಿಸ್ಪಂದವಿರುವ ಉಪಸ್ವರಗಳು ಹುಟ್ಟಬಾರದು ಎಂಬುದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ. ಉದಾಹರಣೆಗೆ, ಸರಿಯಾಗಿ ನಡುವೆ ಮೀಟಿದರೆ ಮೂಲ ಆವೃತ್ತಿಯ ಎರಡು, ನಾಲ್ಕು, ಆರು ಪಟ್ಟಿನ ಸ್ವರಗಳು ಕೇಳಿಸಬಾರದು. ತಂಬೂರಿ ಹಾಗೂ ವೀಣೆಯಲ್ಲಿ ಇಂಥ ಸ್ವರಗಳು ಜೋರಾಗಿಯೇ ಕೇಳುವುದನ್ನು ರಾಮನ್ ಗಮನಿಸಿದರು. ಇವುಗಳ ಕುದುರೆಗೆ ಚೂಪಾದ ಅಂಚಿಲ್ಲ. ಅಗಲವಾದ, ಸ್ವಲ್ಪವೇ ಬಾಗಿದ ಮೈ ಇದೆ. ಪ್ರತಿ ಕಂಪನದಲ್ಲೂ ತಂತಿ ಆ ಮೈಯನ್ನು ಸವರಿ ಬಿಡುತ್ತದೆ. ಇಲ್ಲದ ಉಪಸ್ವರಗಳನ್ನು ಹುಟ್ಟಿಸುವುದು ಈ ಸ್ಪರ್ಶವೇ.

ಅರ ಹಿಡಿದವರಿಗೆ ಇಲ್ಲೊಂದು ಪಾಠವಿದೆ. ಗಿಟಾರಿನ ಸ್ಯಾಡಲ್‌ನ ನೆತ್ತಿಯನ್ನು ಚಪ್ಪಟೆಯಾಗಿ ಉಜ್ಜಿದರೆ ಎತ್ತರ ಕಡಿಮೆಯಾಗುವುದೇನೋ ನಿಜ. ಜೊತೆಗೆ, ಗೊತ್ತಿಲ್ಲದೆಯೇ, ನೀವು ತಂಬೂರಿಯ ಕುದುರೆಯನ್ನು ಮಾಡಿರುತ್ತೀರಿ! ಆದ್ದರಿಂದಲೇ ಬಲ್ಲವರು ಸ್ಯಾಡಲ್ಲನ್ನು ಹೊರತೆಗೆದು ಅದರ ತಳವನ್ನು ಉಜ್ಜುತ್ತಾರೆ, ನೆತ್ತಿಯನ್ನಲ್ಲ.

ಉಕ್ಕಿನ ತಂತಿ ಬಂದ ಮೇಲೆ

ಸ್ಪೇನಿನ ಆಂಟೋನಿಯೊ ಟೊರೆಸ್ (1817–1892) ರೂಪಿಸಿದ ಗಿಟಾರಿಗೆ ಕರುಳಿನ ತಂತಿ. ಅದರ ಸೆಳೆತ ಕಡಿಮೆ. ಅಮೆರಿಕದಲ್ಲಿ 1920ರ ದಶಕದಲ್ಲಿ ಉಕ್ಕಿನ ತಂತಿಯ ಬಳಕೆ ಹೆಚ್ಚಿತು. ಆರು ಉಕ್ಕಿನ ತಂತಿಗಳ ಒಟ್ಟು ಸೆಳೆತ 70 ಕಿ.ಗ್ರಾಂ. ತೂಕವನ್ನು ಮೀರುತ್ತದೆ. ಒಬ್ಬ ವಯಸ್ಕ ಸದಾ ಜೋತುಬಿದ್ದಂತೆ! ಹಿಡಿಕೆ ಬಾಗದೆ ಇದ್ದೀತೇ? ಗಿಬ್ಸನ್ ಕಂಪನಿಯ ಥಡ್ಡಿಯಸ್ ಮೆಕ್‌ಹ್ಯೂ ಇದಕ್ಕೆ ಪರಿಹಾರ ಹುಡುಕಿದ. ಹಿಡಿಕೆಯೊಳಗೆ ಹುದುಗಿಸಿದ, ತಿರುಗಿಸಿ ಬಿಗಿ ಮಾಡಬಹುದಾದ ಉಕ್ಕಿನ ಸರಳಿಗೆ 1923ರಲ್ಲಿ ಪೇಟೆಂಟ್ ದೊರೆಯಿತು. ಇದೇ ಟ್ರಸ್ ರಾಡ್. ವೀಣೆಯಲ್ಲಿ ಮೇಣ ಮಾಡುತ್ತಿದ್ದ ಕೆಲಸದ ಒಂದು ಭಾಗವನ್ನು ಇಲ್ಲಿ ಸರಳು ವಹಿಸಿಕೊಂಡಿತು. ಮೆಟ್ಟಿಲುಗಳು ಮರದಲ್ಲಿ ಶಾಶ್ವತವಾಗಿ ಕೂತಿದ್ದರಿಂದ, ಹೊಂದಿಸಲು ಉಳಿದದ್ದು ಮೂರೇ ಜಾಗ: ಸರಳು, ಮೇಲ್ತುದಿಯ ನಟ್, ಕೆಳತುದಿಯ ಸ್ಯಾಡಲ್.

ಮಳೆ ನಿಂತ ಮೇಲೆ ಅರ

ಈಗ ಮೊದಲ ಪ್ರಶ್ನೆಗೆ ಮರಳೋಣ. 12ನೇ ಮೆಟ್ಟಿಲಿನ ನೆತ್ತಿಯಿಂದ ತಂತಿಯ ತಳಕ್ಕೆ ದಪ್ಪ ತಂತಿಯಲ್ಲಿ ಸುಮಾರು 2.5, ತೆಳು ತಂತಿಯಲ್ಲಿ ಸುಮಾರು 2 ಮಿ.ಮೀ. ಇದ್ದರೆ ಸಾಧಾರಣವಾಗಿ ಸಾಕು. ಹೆಚ್ಚಿದ್ದರೆ, ಮೊದಲು ಹಿಡಿಕೆಯ ಬಾಗು ನೋಡಿ. ಬಾಗಿದ್ದರೆ ಸರಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕಾದು, ಮತ್ತೆ ಅಳೆಯಿರಿ. ಕೊನೆಗೆ ಸ್ಯಾಡಲ್. ತಂತಿಯ ನಡುವೆ 0.5 ಮಿ.ಮೀ. ತಗ್ಗಬೇಕಾದರೆ ತುದಿಯಲ್ಲಿ 1 ಮಿ.ಮೀ. ಉಜ್ಜಬೇಕು. ಸಮರೂಪ ತ್ರಿಭುಜಗಳ ನಿಯಮ ಇದು. ಸಮತಟ್ಟಾದ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ, ತಳವನ್ನು ನೇರವಾಗಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಉಜ್ಜಿ ಅಳೆಯುತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲ. ಮರ ಎಳೆಯ ಉದ್ದಕ್ಕೆ ಉಬ್ಬುವುದು ಅತ್ಯಲ್ಪ, ಅಡ್ಡಕ್ಕೆ ಉಬ್ಬುವುದೇ ಹೆಚ್ಚು. ಮಳೆಗಾಲದಲ್ಲಿ ಗಿಟಾರಿನ ತೆಳುವಾದ ಮುಂಭಾಗದ ಹಲಗೆ ಉಬ್ಬಿ, ಬ್ರಿಡ್ಜನ್ನೂ ಸ್ಯಾಡಲ್ಲನ್ನೂ ಮೇಲೆತ್ತುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢದಲ್ಲಿ ಉಜ್ಜಿದ ಸ್ಯಾಡಲ್ ಫಾಲ್ಗುಣದಲ್ಲಿ ಕೈಕೊಡುತ್ತದೆ. ಹಲಗೆ ಒಣಗಿ ಇಳಿದಾಗ ತಂತಿ ಮೆಟ್ಟಿಲಿಗೆ ತಾಗುತ್ತದೆ. ಇಳಿಸಿದ ಮೇಣವನ್ನು ಮತ್ತೆ ಏರಿಸಬಹುದು, ಉಜ್ಜಿದ ಸ್ಯಾಡಲ್ಲನ್ನು ಬೆಳೆಸಲಾಗದು. ಹಾಗಾಗಿ ದೀಪಾವಳಿ ಕಳೆದು ಹವೆ ಒಣಗುವವರೆಗೆ ಕಾಯಿರಿ. ಹಳೆಯ ಸ್ಯಾಡಲ್ಲನ್ನು ಎತ್ತಿಟ್ಟು, ಹೊಸದೊಂದನ್ನು ತಂದು ಉಜ್ಜುವುದು ಇನ್ನೂ ಕ್ಷೇಮ.

ಶಿಕ್ಷಕರು ಇದನ್ನೊಂದು ಪ್ರಯೋಗವಾಗಿಸಬಹುದು. ಶಾಲೆಯ ಅಥವಾ ವಿದ್ಯಾರ್ಥಿಯೊಬ್ಬರ ಗಿಟಾರಿನ 12ನೇ ಮೆಟ್ಟಿಲಿನಲ್ಲಿ ತಂತಿಯ ಎತ್ತರವನ್ನು ವಾರಕ್ಕೊಮ್ಮೆ ಅಳೆಯಿರಿ. ಆರ್ದ್ರ ಮತ್ತು ಶುಷ್ಕ ಬಲ್ಬಿನ ತಾಪಮಾಪಕಗಳಿಂದ ಗಾಳಿಯ ತೇವಾಂಶವನ್ನೂ ಗುರುತಿಸಿಕೊಳ್ಳಿ. ಜೂನ್‌ನಿಂದ ಮಾರ್ಚ್‌ವರೆಗಿನ ಎರಡು ನಕ್ಷೆಗಳನ್ನು ಒಂದರ ಕೆಳಗೊಂದು ಬರೆದು ಹೋಲಿಸಿ. ಆ ಮೇಲೆ ಅರ ಬೇಕೋ ಬೇಡವೋ ಎಂಬುದನ್ನು ಮಕ್ಕಳೇ ಹೇಳಲಿ.