ಬಿಡಾರದ ಮಗುವಿನ ಅಳು ಮತ್ತು ಖಲೀಫರ ಆದೇಶ

ಮನೆಯಿಲ್ಲದವರು ಎಂದ ಕೂಡಲೇ ಫುಟ್‌ಪಾತ್ ಮೇಲೆ ಚಾದರ ಹೊದ್ದು ಮಲಗಿದ ಒಂಟಿ ಗಂಡಸು ನಮ್ಮ ಕಣ್ಣ ಮುಂದೆ ಬರುತ್ತಾನೆ. ಕಂಕುಳಲ್ಲಿ ಕೂಸು ಎತ್ತಿಕೊಂಡ ತಾಯಿ ಅಷ್ಟು ಬೇಗ ನೆನಪಾಗುವುದಿಲ್ಲ. ಆದರೆ ನಮ್ಮ ಇತಿಹಾಸದ ಮೊದಲ ಪುಟದಲ್ಲೇ ಇರುವವಳು ಅಂಥ ತಾಯಿ. ಕ್ರಿ.ಶ. 622ರಲ್ಲಿ ಮಕ್ಕಾದ ಮನೆ, ಆಸ್ತಿ ಎಲ್ಲವನ್ನೂ ಬಿಟ್ಟು ಮದೀನಾದತ್ತ ಹೊರಟವರಲ್ಲಿ ಹಝ್ರತ್ ಅಸ್ಮಾ ಬಿಂತ್ ಅಬೂಬಕ್ರ್(ರ) ತುಂಬು ಗರ್ಭಿಣಿ. ಕುಬಾ ತಲುಪಿದ ಮೇಲೆ ಅಲ್ಲೇ ಹೆರಿಗೆಯಾಯಿತು. ಮಗುವನ್ನು ಪ್ರವಾದಿ(ಸ)ಯವರ ಮಡಿಲಿಗೆ ತಂದಾಗ ಅವರು ಖರ್ಜೂರವನ್ನು ಅಗಿದು ಅದರ ಬಾಯಿಗೆ ಸವರಿ ದುಆ ಮಾಡಿದರು. ಆ ಮಗುವೇ ಅಬ್ದುಲ್ಲಾ ಬಿನ್ ಝುಬೈರ್(ರ). ಮದೀನಾದಲ್ಲಿ ಮುಹಾಜಿರರಿಗೆ ಹುಟ್ಟಿದ ಮೊದಲ ಮಗು ಸ್ವಂತ ಸೂರಿಲ್ಲದ ದಂಪತಿಯದು.

ಅನ್ಸಾರರು ಮುಹಾಜಿರರೊಂದಿಗೆ ಮನೆ, ತೋಟ ಹಂಚಿಕೊಂಡ ಸಂಗತಿ ಎಲ್ಲರಿಗೂ ಗೊತ್ತು. ಆದರೂ ಬಂಧುಬಳಗ ಯಾರೂ ಇಲ್ಲದೆ ಬಂದವರು ಉಳಿದೇ ಉಳಿದರು. ಕಿಬ್ಲಾ ಜೆರುಸಲೇಮಿನಿಂದ ಮಕ್ಕಾದತ್ತ ಬದಲಾದಾಗ ಮಸ್ಜಿದುನ್ನಬವಿಯ ಉತ್ತರದ ಭಾಗ ಹಿಂಬದಿಯಾಯಿತು. ಅಲ್ಲಿ ಮೇಲೆ ಚಪ್ಪರವಿದ್ದ ಜಾಗ ಅವರ ಆಸರೆಯಾಯಿತು. ಅದೇ ಸುಫ್ಫಾ. ಅಲ್ಲಿನವರ ಪೈಕಿ ಎಪ್ಪತ್ತು ಮಂದಿಯನ್ನು ಕಂಡಿದ್ದೆ, ಒಬ್ಬರ ಮೈಮೇಲೂ ಪೂರ್ತಿ ಹೊದಿಕೆ ಇರಲಿಲ್ಲ ಎಂದು ಸ್ವತಃ ಅಲ್ಲಿದ್ದ ಅಬೂಹುರೈರಾ(ರ) ಸ್ಮರಿಸಿದ್ದಾರೆ. ಇಬ್ಬರಿಗಾಗುವಷ್ಟು ಊಟವಿರುವವರು ಸುಫ್ಫಾದವರಲ್ಲಿ ಒಬ್ಬರನ್ನು ಮೂರನೆಯವರಾಗಿ ಮನೆಗೆ ಕರೆದೊಯ್ಯಬೇಕೆಂದು ಪ್ರವಾದಿ(ಸ) ಹೇಳಿದ್ದರು. ತೋಟದವರು ಖರ್ಜೂರದ ಗೊನೆಗಳನ್ನು ಮಸೀದಿಯಲ್ಲಿ ಕಟ್ಟಿ ಹೋಗುತ್ತಿದ್ದರು. ಹಸಿದವರು ಕಿತ್ತು ತಿನ್ನುತ್ತಿದ್ದರು. ಕೊಟ್ಟವರಾರು, ತಿಂದವರಾರು ಎಂಬ ಪಟ್ಟಿ ಇರಲಿಲ್ಲ.

ಆದರೆ ಸುಫ್ಫಾ ಬರೀ ಅನ್ನಛತ್ರವಾಗಿರಲಿಲ್ಲ. ಉಬಾದ ಬಿನ್ ಸಾಮಿತ್(ರ) ಅಲ್ಲಿ ಕುರ್‌ಆನ್ ಮತ್ತು ಬರಹ ಕಲಿಸುತ್ತಿದ್ದರು. ಕಲಿತವರೊಬ್ಬರು ಪ್ರೀತಿಯಿಂದ ಒಂದು ಬಿಲ್ಲನ್ನು ಉಡುಗೊರೆ ಕೊಟ್ಟಾಗ, ಅದನ್ನು ಪಡೆಯುವುದರ ಬಗ್ಗೆ ಪ್ರವಾದಿ(ಸ) ಕಠಿಣವಾಗಿಯೇ ಎಚ್ಚರಿಸಿದ ಪ್ರಸಂಗ ಅಬೂದಾವೂದ್‌ನಲ್ಲಿದೆ. ಸೂರಿಲ್ಲದವನ ಕಲಿಕೆಗೆ ಬೆಲೆ ಕಟ್ಟಬಾರದು ಎಂದು ನಾವು ಅದನ್ನು ಅರ್ಥ ಮಾಡಿಕೊಳ್ಳುತ್ತೇವೆ. ಬದ್ರ್ ಯುದ್ಧದ ಸೆರೆಯಾಳುಗಳಲ್ಲಿ ಬಿಡುಗಡೆಯ ಹಣವಿಲ್ಲದ, ಆದರೆ ಅಕ್ಷರ ಬಲ್ಲವರಿಗೆ ಅನ್ಸಾರರ ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ನಿಗದಿಪಡಿಸಲಾಯಿತು. ಒಬ್ಬೊಬ್ಬರಿಗೆ ಹತ್ತು ಮಕ್ಕಳು ಎಂದು ಇಬ್ನು ಸಅದ್ ದಾಖಲಿಸುತ್ತಾರೆ. ಹಾಗೆ ಕಲಿತವರಲ್ಲಿ ಝೈದ್ ಬಿನ್ ಸಾಬಿತ್(ರ) ಒಬ್ಬರು. ಮುಂದೆ ಕುರ್‌ಆನನ್ನು ಒಂದುಗೂಡಿಸಿ ಬರೆಯುವ ಹೊಣೆ ಹೊತ್ತವರು ಅವರೇ.

ಮಸೀದಿಯಲ್ಲಿ ಹೆಣ್ಣಿಗೂ ನೆರಳು ಸಿಕ್ಕಿತ್ತು. ಗುಲಾಮಗಿರಿಯಿಂದ ಬಿಡುಗಡೆಯಾದ ಒಬ್ಬ ಕಪ್ಪು ಮಹಿಳೆ, ತನ್ನ ಮೇಲೆ ಕಳ್ಳತನದ ಸುಳ್ಳು ಆರೋಪ ಹೊರಿಸಿದ್ದ ಕಬೀಲೆಯನ್ನು ಬಿಟ್ಟು ಮದೀನಾಕ್ಕೆ ಬಂದಳು. ಅವಳಿಗೆ ಮಸೀದಿಯೊಳಗೇ ಒಂದು ಪುಟ್ಟ ಡೇರೆ ಇತ್ತು. ಆಗಾಗ ಆಯಿಶಾ(ರ) ಅವರ ಬಳಿ ಬಂದು ಕೂತು ಮಾತಾಡುತ್ತಿದ್ದಳು. ಇಮಾಮ್ ಬುಖಾರಿ ಇದನ್ನು ಮಸೀದಿಯಲ್ಲಿ ಮಹಿಳೆ ಮಲಗುವುದರ ಕುರಿತ ಅಧ್ಯಾಯದಲ್ಲೇ ಸೇರಿಸಿದ್ದಾರೆ. ಇನ್ನು ಮಕ್ಕಳು. ನಮಾಝಿನ ನಡುವೆ ಮಗುವಿನ ಅಳು ಕೇಳಿದರೆ ಅದರ ತಾಯಿಗೆ ಕಷ್ಟವಾಗಬಾರದೆಂದು ಪ್ರವಾದಿ(ಸ) ನಮಾಝನ್ನು ಚಿಕ್ಕದು ಮಾಡುತ್ತಿದ್ದರು. ಮಕ್ಕಳು ಸದ್ದು ಮಾಡಿದರೆಂದು ಸಫ್ಫಿನಿಂದ ಕಣ್ಣು ಕೆಂಪು ಮಾಡುವ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಇದ್ದಾರೆ ಎಂಬುದನ್ನು ಇಲ್ಲಿ ಬರೆಯದಿರಲಾಗದು.

ಈಗ ಉಮರ್(ರ) ಅವರ ಕಾಲಕ್ಕೆ ಬರೋಣ. ನಮ್ಮ ದೃಷ್ಟಿಯಲ್ಲಿ ಈ ಇತಿಹಾಸದ ತಿರುವು ಇರುವುದು ಇಲ್ಲಿಯೇ. ಬೈತುಲ್ ಮಾಲ್‌ನಿಂದ ಜನರಿಗೆ ಭತ್ಯೆ ಹಂಚಲು ಅವರು ದೀವಾನ್ ಎಂಬ ಹೆಸರುಪಟ್ಟಿಯನ್ನು ಬರೆಸಿದರು. ಅದು ಹಿಜರಿ 15ರಲ್ಲಿ ಎಂದು ಕೆಲವರು, 20ರಲ್ಲಿ ಎಂದು ಕೆಲವರು ಹೇಳುತ್ತಾರೆ. ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ವರ್ಷಕ್ಕೆ 5,000 ದಿರ್ಹಮ್. ಮಕ್ಕಳಿಗೂ ಪಾಲು ಇತ್ತು, ಆದರೆ ಒಂದು ಷರತ್ತಿನ ಮೇಲೆ: ಮಗು ಎದೆಹಾಲು ಬಿಟ್ಟಿರಬೇಕು. ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಾಲು ಕುಡಿಯುವ ಮಗುವಿಗೆ ಬೇರೆ ಆಹಾರದ ಖರ್ಚಿಲ್ಲವಲ್ಲ ಎಂದು ಯಾವ ಲೆಕ್ಕಿಗನಾದರೂ ಹೇಳಿಯಾನು.

ಒಂದು ರಾತ್ರಿ ವರ್ತಕರ ತಂಡವೊಂದು ಮದೀನಾಕ್ಕೆ ಬಂದು ಈದ್ ನಮಾಝಿನ ಬಯಲಲ್ಲಿ ಬಿಡಾರ ಹೂಡಿತು. ಉಮರ್(ರ), ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರನ್ನು ಕರೆದುಕೊಂಡು ಕಾವಲಿಗೆ ಹೋದರು. ಒಂದು ಮಗು ಅಳುತ್ತಿತ್ತು. ಉಮರ್(ರ) ಹತ್ತಿರ ಹೋಗಿ ಮಗುವನ್ನು ಸಮಾಧಾನಪಡಿಸುವಂತೆ ತಾಯಿಗೆ ಹೇಳಿ ಬಂದರು. ಮತ್ತೆ ಅಳು. ಮತ್ತೆ ಹೋಗಿ ಹೇಳಿದರು. ರಾತ್ರಿಯ ಕೊನೆಯ ಜಾವದಲ್ಲೂ ಅಳು ನಿಲ್ಲದಿದ್ದಾಗ ಎಂಥ ತಾಯಿಯಮ್ಮ ನೀನು ಎಂದು ಗದರಿದರು. ಎದುರಿಗಿರುವವರು ಯಾರೆಂದು ಅವಳಿಗೆ ಗೊತ್ತಿಲ್ಲ. ರಾತ್ರಿಯಿಡೀ ಬೇಸರ ಹುಟ್ಟಿಸಿದಿರಿ, ಮಗುವಿಗೆ ಹಾಲು ಬಿಡಿಸಲು ನೋಡುತ್ತಿದ್ದೇನೆ, ಅದು ಒಪ್ಪುತ್ತಿಲ್ಲ ಎಂದಳು. ಇಷ್ಟು ಬೇಗ ಯಾಕೆ ಎಂದು ಕೇಳಿದರೆ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರವೇ ಉಮರ್ ಭತ್ಯೆ ಕೊಡುವುದು ಎಂಬುದೇ ಉತ್ತರ. ಮಗುವಿಗೆ ಇನ್ನೂ ಕೆಲವೇ ತಿಂಗಳು.

ಅಂದಿನ ಫಜ್ರ್ ನಮಾಝಿನಲ್ಲಿ ಖಲೀಫರ ಅಳುವಿನಿಂದ ಅವರ ಕಿರಾಅತ್ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲ ಎಂದು ಇಬ್ನು ಸಅದ್ ಬರೆಯುತ್ತಾರೆ. ತನ್ನಿಂದಾಗಿ ಮುಸ್ಲಿಮರ ಎಷ್ಟು ಮಕ್ಕಳು ಸತ್ತಿರಬಹುದು ಎಂದು ಅವರು ತನ್ನನ್ನೇ ಹಳಿದುಕೊಂಡರು. ನಂತರ ಡಂಗುರ ಸಾರಿಸಿದರು: ಮಕ್ಕಳಿಗೆ ಅವಸರದಲ್ಲಿ ಹಾಲು ಬಿಡಿಸಬೇಡಿ, ಇನ್ನು ಹುಟ್ಟಿದ ಪ್ರತಿ ಮಗುವಿಗೂ ಭತ್ಯೆಯಿದೆ. ಪ್ರಾಂತ್ಯಗಳಿಗೂ ಇದೇ ಆದೇಶ ಹೋಯಿತು. ಹುಟ್ಟಿದ ಕೂಸಿಗೆ 100 ದಿರ್ಹಮ್, ಬೆಳೆದಂತೆ 200. ಅಬೂ ಜಮೀಲಾ ಎಂಬವರು ಯಾರೋ ಬಿಟ್ಟುಹೋದ ಕೂಸನ್ನು ಎತ್ತಿ ತಂದಾಗ ಉಮರ್(ರ) ಮೊದಲು ಸಂಶಯದಿಂದಲೇ ವಿಚಾರಿಸಿದರು. ಅವರು ಒಳ್ಳೆಯವರೆಂದು ಖಾತ್ರಿಯಾದ ಮೇಲೆ, ಮಗು ಸ್ವತಂತ್ರ, ಸಾಕುವವರು ನೀವು, ಖರ್ಚು ನಮ್ಮದು ಎಂದು ತೀರ್ಮಾನಿಸಿದರು. ತಂದೆಯ ಹೆಸರಾಗಲಿ, ಮನೆಯ ವಿಳಾಸವಾಗಲಿ ಆ ಮಗುವಿಗೆ ಇರಲಿಲ್ಲ.

ಬಯಲಲ್ಲಿದ್ದ ಆ ಕುಟುಂಬ ಪ್ರಯಾಣಿಕರದು, ನಿರಾಶ್ರಿತರದಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ಆ ರಾತ್ರಿ ಅವರ ಸುತ್ತ ಗೋಡೆಯಿರಲಿಲ್ಲ, ಆದ್ದರಿಂದಲೇ ಅಳು ಖಲೀಫರ ಕಿವಿಗೆ ಬಿತ್ತು. ಅದೇ ಷರತ್ತಿಗಾಗಿ ಎಷ್ಟು ಮನೆಗಳ ಗೋಡೆಯೊಳಗೆ ಎಷ್ಟು ಕೂಸುಗಳು ಅತ್ತವೋ.

ಮುಂದಿನ ಶತಮಾನಗಳಲ್ಲಿ ಈ ಹೊಣೆ ಹೆಚ್ಚಾಗಿ ವಕ್ಫ್‌ಗಳ ಹೆಗಲೇರಿತು. 1183ರಲ್ಲಿ ಈಜಿಪ್ಟಿಗೆ ಬಂದ ಯಾತ್ರಿಕ ಇಬ್ನು ಜುಬೈರ್, ಅನಾಥರಿಗೂ ಬಡವರ ಮಕ್ಕಳಿಗೂ ಕುರ್‌ಆನ್ ಕಲಿಸಲು ಸುಲ್ತಾನ್ ಸಲಾಹುದ್ದೀನ್ ತೆರೆದ ಮಕ್ತಬ್‌ಗಳನ್ನೂ ಅವುಗಳಿಗೆ ನಿಗದಿಯಾದ ನೆರವನ್ನೂ ಹೊಗಳಿ ಬರೆದರು. ಕೈರೋದಲ್ಲಿ ಸುಲ್ತಾನ್ ಕಾಯಿತ್‌ಬೇ 1479ರಲ್ಲಿ ಕಟ್ಟಿಸಿದ ಸಬೀಲ್ ಕುತ್ತಾಬ್ ಇಂದಿಗೂ ನಿಂತಿದೆ. ಕೆಳಗೆ ದಾರಿಹೋಕರಿಗೆ ಕುಡಿಯುವ ನೀರು, ಮೇಲ್ಮಹಡಿಯಲ್ಲಿ ಮಕ್ಕಳ ಪಾಠ.

ನಮ್ಮ ನಾಡಿನ ಕಾನೂನುಗಳನ್ನು ಓದುವಾಗ ಹಾಲು ಬಿಡಿಸುವ ಆ ಷರತ್ತು ಮತ್ತೆ ನೆನಪಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಹಕ್ಕು ಆರನೇ ವರ್ಷಕ್ಕೆ ಶುರುವಾಗುತ್ತದೆ. ಅದಕ್ಕಿಂತ ಚಿಕ್ಕವರ ಕಲಿಕೆಯನ್ನು ಸಂವಿಧಾನ 45ನೇ ವಿಧಿಯ ನಿರ್ದೇಶನವಾಗಿ ಮಾತ್ರ ಹೇಳುತ್ತದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಜಾರಿಯಲ್ಲಿದ್ದಾಗ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಬೇಕೆನ್ನುತ್ತಿತ್ತು, ಆದರೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಮಾತ್ರ. ಹತ್ತು ಹೆಂಗಸರಿರುವ ಸೈಟಿನ ಕೂಸು ಮರಳಿನ ರಾಶಿಯ ಪಕ್ಕದಲ್ಲೇ ಬೆಳೆಯುತ್ತದೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲಿರುವ ಕುಟುಂಬಗಳ ಮಕ್ಕಳೇ ಇವರು, ಅವರಲ್ಲಿ ನಮ್ಮವರೂ ಇದ್ದಾರೆ. ಹಾಗೆಂದು ಬಾಗಿಲುಗಳೇ ಇಲ್ಲವೆಂದಲ್ಲ. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಅಂಗನವಾಡಿಯ ಆಹಾರ ಹಕ್ಕು. ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ಆ ತಾಯಿಯ ಜೊತೆ ಅಂಗನವಾಡಿಯ ತನಕ ಹೋಗಿ ಹೆಸರು ಬರೆಸುವಷ್ಟು ಬಿಡುವು ನಮ್ಮ ಪ್ರತಿ ಮೊಹಲ್ಲಾದಲ್ಲೂ ಕೆಲವು ಹೆಣ್ಣುಮಕ್ಕಳಿಗಾದರೂ ಇದ್ದೇ ಇರುತ್ತದೆ.

ಇನ್ನು ನಮ್ಮ ಕೈಯಲ್ಲೇ ಇರುವ ಒಂದು ಕಾಗದದ ಮಾತು. ಕೆಲವು ಜಮಾಅತ್‌ಗಳ ಝಕಾತ್ ಅರ್ಜಿಯಲ್ಲಿ ಹೆಸರಿನ ಕೆಳಗೇ ಮನೆ ನಂಬರು, ರೇಷನ್ ಕಾರ್ಡು, ಸ್ವಂತ ಮೊಹಲ್ಲಾ ಮಸೀದಿಯ ಶಿಫಾರಸು ಪತ್ರ ಕೇಳುತ್ತಾರೆ. ವಂಚನೆ ತಡೆಯಲು ಹಾಕಿದ ಕಾಲಂಗಳಿವು, ಉದ್ದೇಶ ಕೆಟ್ಟದ್ದಲ್ಲ. ಆದರೆ ಶೆಡ್ಡಿನ ತಾಯಿ ಅಲ್ಲಿ ಏನೆಂದು ಬರೆಯಬೇಕು? ರಮಝಾನಿನ ಅರ್ಜಿಗಳು ಅಚ್ಚಾಗುವ ಮೊದಲು ಕಮಿಟಿಯವರು ಒಮ್ಮೆ ಕೂತು, ಆ ಕಾಲಂ ಖಾಲಿ ಬಿಟ್ಟವರನ್ನು ಶೆಡ್ಡಿಗೇ ಹೋಗಿ ನೋಡಿ ಬರುವವರು ಯಾರು ಎಂದು ಹೆಸರು ಗೊತ್ತು ಮಾಡಲಿ.