ತೆರಿಗೆ ಸಾಫ್ಟ್‌ವೇರ್‌ನ ಹಿತ್ತಿಲ ಬಾಗಿಲು: 2017ರ ನಾಟ್‌ಪೆಟ್ಯಾ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಅಕೌಂಟಿಂಗ್ ಸಾಫ್ಟ್‌ವೇರ್‌ನ ಕಥೆ. ಇದೇನು ಬೋರು ಅಂತ ಅನ್ಸಬಹುದು, ಸ್ವಲ್ಪ ತಾಳಿ. 2017ರ ಜೂನ್ ಕೊನೆಯ ವಾರ ನೆನಪಿದೆಯಾ? ಜುಲೈ 1ರಿಂದ ಜಿಎಸ್‌ಟಿ ಜಾರಿಗೆ ಬರೋದಿತ್ತು. ನಮ್ಮ ದೇಶದ ಅಕೌಂಟೆಂಟ್‌ಗಳೆಲ್ಲ ಅದರ ಗಡಿಬಿಡಿಯಲ್ಲಿದ್ರು. ಅದೇ ವಾರ, ಜೂನ್ 27ರ ಮಂಗಳವಾರ, ಉಕ್ರೇನ್‌ನ ಅಕೌಂಟೆಂಟ್‌ಗಳ ಕಂಪ್ಯೂಟರ್‌ಗಳು ಒಂದರ ಹಿಂದೆ ಒಂದು ರೀಸ್ಟಾರ್ಟ್ ಆಗಿ, ಮತ್ತೆ ತೆರೆದುಕೊಳ್ಳಲೇ ಇಲ್ಲ. ಅಲ್ಲಿ ಶುರುವಾದ ಪೀಡೆ ಅದೇ ದಿನ ಮುಂಬೈ ಪಕ್ಕದ ನಮ್ಮ ಬಂದರನ್ನೂ ಮುಟ್ಟಿತು. ಅದಕ್ಕೆ ಜಗತ್ತು ಕೊಟ್ಟ ಹೆಸರು ನಾಟ್‌ಪೆಟ್ಯಾ.

ನಾನು ಬಿ.ಕಾಂ ಓದಿದವಳು, ಎಂಜಿನಿಯರ್ ಅಲ್ಲ. ಸೈಬರ್ ದಾಳಿ ಅಂದ್ರೆ ಬ್ಯಾಂಕು, ಮಿಲಿಟರಿ, ದೊಡ್ಡ ದೊಡ್ಡ ಲ್ಯಾಬು ಅಂತಲೇ ಅಂದ್ಕೊಂಡಿದ್ದವಳಿಗೆ ಈ ಕಥೆ ಹಿಡಿಸಿದ್ದು ಒಂದೇ ಕಾರಣಕ್ಕೆ. ಇಲ್ಲಿ ಕಳ್ಳರು ಒಳಗೆ ಬಂದದ್ದು ತೆರಿಗೆ ರಿಟರ್ನ್ ಸಲ್ಲಿಸುವ ಸಾಫ್ಟ್‌ವೇರ್ ಮೂಲಕ.

ಮೊದಲು ಬ್ಯಾಕ್‌ಡೋರ್ ಅಂದ್ರೇನು ಅಂತ ಹೇಳ್ಬಿಡ್ತೀನಿ. ಹೆಸರೇ ಹೇಳುವ ಹಾಗೆ ಹಿತ್ತಿಲ ಬಾಗಿಲು. ಮನೆಯ ಮುಂಬಾಗಿಲಿಗೆ ಬೀಗ ಇದೆ, ಸಿಸಿಟಿವಿ ಇದೆ. ಆದ್ರೆ ಹಿತ್ತಿಲ ಬಾಗಿಲಿನ ಚಿಲಕವನ್ನು ಯಾರೋ ಒಳಗಿನಿಂದ ಸರಿಸಿಟ್ಟಿದ್ದಾರೆ. ಬ್ಯಾಕ್‌ಡೋರ್ ಬಂದ ತಕ್ಷಣ ಏನನ್ನೂ ಹಾಳು ಮಾಡಬೇಕೆಂದಿಲ್ಲ. ಅದರ ಕೆಲಸ ಮೂರು: ಸದ್ದಿಲ್ಲದೆ ಕೂತಿರೋದು, ಒಳಗಿನ ಸುದ್ದಿ ಹೊರಗೆ ಕಳಿಸೋದು, ಹೊರಗಿನಿಂದ ಅಪ್ಪಣೆ ಬಂದಾಗ ಪಾಲಿಸೋದು. ಹಾಗಾಗಿ ಅದು ಬಂದ ದಿನ ನಿಮಗೆ ಗೊತ್ತೇ ಆಗಲ್ಲ. ಗೊತ್ತಾಗೋದು ಹಾನಿಯಾದ ದಿನ.

ಈಗ ಉಕ್ರೇನ್‌ಗೆ ಹೋಗೋಣ. ಅಲ್ಲಿ ಎಂ.ಇ.ಡಾಕ್ ಅಂತ ಒಂದು ಸಾಫ್ಟ್‌ವೇರ್. ರಾಜಧಾನಿ ಕೀವ್‌ನ ಒಂದು ಕುಟುಂಬದ ಕಂಪನಿ ಅದನ್ನು ಮಾಡ್ತಿತ್ತು. ತೆರಿಗೆ ವರದಿ ಸಲ್ಲಿಸೋಕೆ, ಕಂಪನಿ ಕಂಪನಿಗಳ ನಡುವೆ ದಾಖಲೆ ವಿನಿಮಯಕ್ಕೆ ಅಲ್ಲಿನ ವ್ಯಾಪಾರಸ್ಥರು ಇದನ್ನೇ ನಂಬಿದ್ದರು. ಆಗಿನ ವರದಿಗಳ ಪ್ರಕಾರ ಸುಮಾರು 4 ಲಕ್ಷ ಗ್ರಾಹಕರು. ಉಕ್ರೇನ್‌ನಲ್ಲಿ ವ್ಯವಹಾರ ಮಾಡುವ ವಿದೇಶಿ ಕಂಪನಿಗಳೂ ತಮ್ಮ ಆಫೀಸಿನ ಯಾವುದೋ ಮೂಲೆಯ ಒಂದು ಕಂಪ್ಯೂಟರ್‌ನಲ್ಲಿ ಇದನ್ನು ಹಾಕಿಕೊಂಡಿರುತ್ತಿದ್ದವು. ಆ ಮೂಲೆಯ ಕಂಪ್ಯೂಟರ್ ನೆನಪಿಟ್ಟುಕೊಳ್ಳಿ.

ತೆರಿಗೆ ನಿಯಮ ಬದಲಾದಂತೆಲ್ಲ ಸಾಫ್ಟ್‌ವೇರ್ ಅಪ್‌ಡೇಟ್ ಆಗಲೇಬೇಕು. ನಮ್ಮ ಕಡೆಯೂ ಅಷ್ಟೇ, ರೇಟ್ ಬದಲಾಯ್ತು ಅಂದ್ರೆ ಅಪ್‌ಡೇಟ್, ಫಾರಂ ಬದಲಾಯ್ತು ಅಂದ್ರೆ ಅಪ್‌ಡೇಟ್. ಮಾಡದಿದ್ರೆ ರಿಟರ್ನ್ ಹೋಗಲ್ಲ. ಹಾಗಾಗಿ ಅಪ್‌ಡೇಟ್ ಬಂದಾಗ ಯಾವ ಅಕೌಂಟೆಂಟೂ 'ಬೇಡ' ಅನ್ನಲ್ಲ. ದಾಳಿಕೋರರಿಗೆ ಬೇಕಾಗಿದ್ದು ಈ ಅಭ್ಯಾಸವೇ.

ಅವರು ಗ್ರಾಹಕರ ಮನೆಬಾಗಿಲಿಗೆ ಹೋಗಲಿಲ್ಲ, ಸಾಫ್ಟ್‌ವೇರ್ ಮಾಡುವ ಕಂಪನಿಯೊಳಗೇ ಹೊಕ್ಕರು. ಸ್ಲೊವಾಕಿಯಾದ ಆ್ಯಂಟಿವೈರಸ್ ಕಂಪನಿ ಇಸೆಟ್‌ನ ಸಂಶೋಧಕರು ಆಮೇಲೆ ಬಿಡಿಸಿ ನೋಡಿದಾಗ, ಆ ವರ್ಷದ ಮೂರು ಅಪ್‌ಡೇಟ್‌ಗಳಲ್ಲಿ ಬ್ಯಾಕ್‌ಡೋರ್ ಸಿಕ್ಕಿತು: ಏಪ್ರಿಲ್ 14, ಮೇ 15 ಮತ್ತು ಜೂನ್ 22. ಅದು ಸಾಫ್ಟ್‌ವೇರ್‌ನದ್ದೇ ಆದ ಒಂದು ಫೈಲ್‌ನ ಒಳಗೆ ಸೇರಿಕೊಂಡಿತ್ತು. ಆ ಫೈಲ್‌ನ ಹೆಸರು 'ಜ್ವಿತ್' ಅಂತ ಶುರುವಾಗುತ್ತೆ. ಉಕ್ರೇನಿಯನ್ ಭಾಷೆಯಲ್ಲಿ ಜ್ವಿತ್ ಅಂದ್ರೆ ವರದಿ. ಇದನ್ನು ಇಷ್ಟು ನಾಜೂಕಾಗಿ ಸೇರಿಸಬೇಕಾದ್ರೆ ಸಾಫ್ಟ್‌ವೇರ್‌ನ ಮೂಲ ಕೋಡ್ ಅವರ ಕೈಲಿ ಇದ್ದಿರಲೇಬೇಕು ಅನ್ನೋದು ಸಂಶೋಧಕರ ಅಭಿಪ್ರಾಯ.

ಒಳಗೆ ಕೂತು ಅದು ಮಾಡಿದ ಮೊದಲ ಕೆಲಸ ನೋಡಿ. ಉಕ್ರೇನ್‌ನಲ್ಲಿ ಪ್ರತಿ ಸಂಸ್ಥೆಗೂ ಸರ್ಕಾರ ಕೊಟ್ಟ ಒಂದು ನೋಂದಣಿ ಸಂಖ್ಯೆ ಇರುತ್ತೆ, ನಮ್ಮಲ್ಲಿ ಜಿಎಸ್‌ಟಿ ನಂಬರ್ ಇದ್ದ ಹಾಗೆ. ಬ್ಯಾಕ್‌ಡೋರ್ ಆ ಸಂಖ್ಯೆಯನ್ನು ಓದಿಕೊಳ್ತಿತ್ತು. ಅಂದ್ರೆ ಇದು ಯಾವ ಬ್ಯಾಂಕಿನ ಕಂಪ್ಯೂಟರ್, ಯಾವ ಕಾರ್ಖಾನೆಯದ್ದು ಅಂತ ದಾಳಿಕೋರರಿಗೆ ಹೆಸರು ಹಿಡಿದು ಗೊತ್ತು. ಜೊತೆಗೆ ಸಾಫ್ಟ್‌ವೇರ್‌ನಲ್ಲಿ ಉಳಿಸಿಟ್ಟಿದ್ದ ಇಮೇಲ್ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನೂ ಬಾಚಿಕೊಳ್ತಿತ್ತು.

ಬಾಚಿದ್ದನ್ನು ಹೊರಗೆ ಕಳಿಸೋದು ಹೇಗೆ? ಸಾಮಾನ್ಯವಾಗಿ ಇಂಥವು ಯಾವುದೋ ಗುರುತಿಲ್ಲದ ಸರ್ವರ್‌ಗೆ ಕರೆ ಮಾಡ್ತವೆ, ಫೈರ್‌ವಾಲ್ ಅಲ್ಲೇ ಹಿಡಿಯುತ್ತೆ. ಇದು ಹಾಗೆ ಮಾಡಲಿಲ್ಲ. 'ಹೊಸ ಅಪ್‌ಡೇಟ್ ಇದೆಯಾ?' ಅಂತ ಸಾಫ್ಟ್‌ವೇರ್ ತನ್ನ ಕಂಪನಿಯ ಅಧಿಕೃತ ಸರ್ವರನ್ನು ಆಗಾಗ ಕೇಳುತ್ತಲ್ಲ, ಅದೇ ಪ್ರಶ್ನೆಯ ಜೊತೆ ಹೋಗುವ ಕುಕೀಗಳಲ್ಲಿ ಕದ್ದ ಮಾಹಿತಿಯನ್ನು ಇಟ್ಟು ಕಳಿಸಿತು. ಅಪ್ಪಣೆ ವಾಪಸ್ ಬರ್ತಿದ್ದದ್ದೂ ಅದೇ ದಾರಿಯಲ್ಲಿ. ಈ ಕಮಾಂಡ್ ಓಡಿಸು, ಆ ಫೈಲ್ ಕಳಿಸು, ಈ ಪ್ರೋಗ್ರಾಂ ಇಳಿಸಿಕೊಂಡು ಶುರು ಮಾಡು, ಇಂಥವು. ಹಾಲಿನವನ ಕ್ಯಾನಿನಲ್ಲೇ ಕಳ್ಳಮಾಲು ಹೋಗಿ ಬರ್ತಿದ್ರೆ ಗೇಟ್ ಕಾಯುವವನು ಏನು ಮಾಡ್ತಾನೆ ಹೇಳಿ?

ಇಲ್ಲಿ ಒಂದು ತಾರೀಖು ಗಮನಿಸಿ. ಮೊದಲ ಬ್ಯಾಕ್‌ಡೋರ್ ಅಪ್‌ಡೇಟ್ ಬಂದ ಏಪ್ರಿಲ್ 14ರಂದೇ ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು, ಅಮೆರಿಕದ ಎನ್‌ಎಸ್‌ಎ ಗೂಢಚರ್ಯೆ ಸಂಸ್ಥೆಯದ್ದು ಎನ್ನಲಾದ ಎಟರ್ನಲ್‌ಬ್ಲೂ ಎಂಬ ಅಸ್ತ್ರವನ್ನು ಇಂಟರ್ನೆಟ್‌ನಲ್ಲಿ ಬಹಿರಂಗ ಮಾಡಿತು. ವಿಂಡೋಸ್‌ನಲ್ಲಿದ್ದ ಒಂದು ದೋಷವನ್ನು ಬಳಸಿ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹಾರುವ ಅಸ್ತ್ರ ಅದು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಮೇ 12ರಂದು ವಾನ್ನಾಕ್ರೈಗೆ ಸಿಕ್ಕಿಬಿದ್ದರು. ಜೂನ್ 27ಕ್ಕೆ ಅದೇ ಅಸ್ತ್ರ ಮತ್ತೆ ಬಂತು.

ಜೂನ್ 28 ಉಕ್ರೇನ್‌ನ ಸಂವಿಧಾನ ದಿನ, ರಜೆ. ದಾಳಿ ಅದರ ಹಿಂದಿನ ದಿನ. ಕೀವ್‌ನಲ್ಲಿ ಮಧ್ಯಾಹ್ನ ಸುಮಾರು ಒಂದೂವರೆ ಹೊತ್ತಿಗೆ ಎಂ.ಇ.ಡಾಕ್‌ನ ಪ್ರೋಗ್ರಾಂ ತಾನೇ ವಿಷದ ಕಮಾಂಡ್ ಓಡಿಸಿದ್ದನ್ನು ಮೈಕ್ರೋಸಾಫ್ಟ್ ದಾಖಲಿಸಿದೆ. ಒಳಗೆ ಇಳಿದ ಮಾಲ್‌ವೇರ್ ಎರಡು ದಾರಿ ಹಿಡಿಯಿತು. ತೇಪೆ ಹಾಕದ ಕಂಪ್ಯೂಟರ್‌ಗಳಿಗೆ ಎಟರ್ನಲ್‌ಬ್ಲೂ ಮೂಲಕ ಹಾರಿತು. ತೇಪೆ ಹಾಕಿದ್ದವಕ್ಕೆ? ಸಿಕ್ಕ ಕಂಪ್ಯೂಟರ್‌ನ ಮೆಮೊರಿಯಲ್ಲಿ ಉಳಿದಿದ್ದ ಪಾಸ್‌ವರ್ಡ್‌ಗಳನ್ನು ಕದ್ದು, ಅಡ್ಮಿನ್ ಹೆಸರಿನಲ್ಲೇ ರಾಜಾರೋಷವಾಗಿ ಲಾಗಿನ್ ಆಯ್ತು. ಆಫೀಸಿನ ಎಲ್ಲ ಕಂಪ್ಯೂಟರ್‌ಗೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇದ್ದಲ್ಲಿ ಕಥೆ ನಿಮಿಷಗಳಲ್ಲಿ ಮುಗೀತು.

ಪರದೆಯ ಮೇಲೆ 300 ಡಾಲರ್ ಬಿಟ್‌ಕಾಯಿನ್ ಕೊಡಿ, ಫೈಲ್ ಬಿಡ್ತೀವಿ ಅಂತ ಸಂದೇಶ ಬಂತು. ಅದು ಬರೀ ವೇಷ. ಪರದೆಯಲ್ಲಿ ತೋರಿಸಿದ ಸಂಕೇತ ಯಾದೃಚ್ಛಿಕ ಅಕ್ಷರಗಳ ಗುಂಪು ಅಷ್ಟೇ, ಅದರಿಂದ ಕೀಲಿ ತಯಾರಿಸೋಕೆ ದಾಳಿಕೋರರಿಗೂ ಸಾಧ್ಯವಿರಲಿಲ್ಲ ಅಂತ ತಜ್ಞರು ಕಂಡುಕೊಂಡರು. ದುಡ್ಡು ಕೊಟ್ಟರೂ ಹೋದದ್ದು ಹೋಯ್ತು. ಇದು ಸುಲಿಗೆಯ ಹೆಸರಿನ ಸರ್ವನಾಶ.

ಉಕ್ರೇನ್‌ನಲ್ಲಿ ಬ್ಯಾಂಕುಗಳು, ಎಟಿಎಂಗಳು, ಸರ್ಕಾರಿ ಕಚೇರಿಗಳು ನಿಂತವು. ಚೆರ್ನೋಬಿಲ್‌ನಲ್ಲಿ ವಿಕಿರಣವನ್ನು ಕೈಯಲ್ಲೇ ಅಳೆಯಬೇಕಾಯ್ತು. ಇನ್ನು ಆ ಮೂಲೆಯ ಕಂಪ್ಯೂಟರ್‌ಗೆ ಬರೋಣ. ಡೆನ್ಮಾರ್ಕ್‌ನ ಹಡಗು ಕಂಪನಿ ಮಾರ್ಸ್ಕ್‌ನ ಜಗತ್ತಿನಾದ್ಯಂತದ ಜಾಲವೇ ಕುಸಿಯಿತು. ನವ್ಹಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುವ ಟರ್ಮಿನಲ್‌ನ ಕೆಲಸ ನಿಂತಿತು. ಕೀವ್‌ನಲ್ಲಿ ಬಂದ ಒಂದು ಅಪ್‌ಡೇಟ್‌ಗೆ ಮಹಾರಾಷ್ಟ್ರದ ಲಾರಿಗಳು ಕಾದು ನಿಲ್ಲಬೇಕಾಯ್ತು.

ಮಾರ್ಸ್ಕ್ 10 ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹೊಸದಾಗಿ ಕಟ್ಟಿತು ಅಂತ ಅದರ ಅಧ್ಯಕ್ಷರೇ 2018ರಲ್ಲಿ ದಾವೋಸ್‌ನಲ್ಲಿ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್. ವೈರ್ಡ್ ಪತ್ರಿಕೆಯ ಆ್ಯಂಡಿ ಗ್ರೀನ್‌ಬರ್ಗ್ ಬರೆದಿರುವ ಒಂದು ಸಂಗತಿ ನನಗೆ ಬಹಳ ಇಷ್ಟ. ಕಂಪನಿಯ ಇಡೀ ಜಾಲದ ನಕ್ಷೆ ಇಟ್ಟುಕೊಂಡಿದ್ದ ಮುಖ್ಯ ಸರ್ವರ್‌ಗಳೆಲ್ಲ ಅಳಿಸಿಹೋಗಿದ್ದವು, ಒಂದನ್ನು ಬಿಟ್ಟು. ಅದು ಘಾನಾದಲ್ಲಿತ್ತು. ಯಾಕೆ ಉಳೀತು ಗೊತ್ತಾ? ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಯುರೋಪಿನ ದೊಡ್ಡ ಕಂಪನಿಯನ್ನು ಉಳಿಸಿದ್ದು ಆಫ್ರಿಕಾದ ಒಂದು ಪವರ್ ಕಟ್.

ಜುಲೈ 4ರಂದು ಉಕ್ರೇನ್ ಪೊಲೀಸರು ಎಂ.ಇ.ಡಾಕ್‌ನ ಸರ್ವರ್‌ಗಳನ್ನು ಜಪ್ತಿ ಮಾಡಿದರು. ಕಂಪನಿ ಮೊದಲು ತನ್ನ ಅಪ್‌ಡೇಟ್‌ನಲ್ಲಿ ಏನೂ ಇರಲಿಲ್ಲ ಅಂತಲೇ ಹೇಳಿತ್ತು. ದಾಳಿಕೋರರು ಅಲ್ಲಿನ ಒಬ್ಬ ಅಡ್ಮಿನ್‌ನ ಪಾಸ್‌ವರ್ಡ್ ಕದ್ದು ಒಳಗೆ ಬಂದಿದ್ದರು ಅಂತ ತನಿಖೆಗೆ ನೆರವಾದ ಸಿಸ್ಕೊ ತಂಡ ಹೇಳಿತು. 2018ರ ಫೆಬ್ರುವರಿಯಲ್ಲಿ ಅಮೆರಿಕ, ಬ್ರಿಟನ್ ಸರ್ಕಾರಗಳು ರಷ್ಯಾ ಸೇನೆಯತ್ತ ಬೆರಳು ತೋರಿಸಿದವು. ರಷ್ಯಾ ಒಪ್ಪಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಅಮೆರಿಕ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 6 ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು.

ಕಾಮರ್ಸ್ ವಿದ್ಯಾರ್ಥಿನಿಯಾಗಿ ನನ್ನ ಪ್ರಶ್ನೆ ಇಲ್ಲಿಂದ ಶುರು. ನಷ್ಟ ಯಾರ ಖಾತೆಗೆ? ಜಗತ್ತಿನ ಒಟ್ಟು ಹಾನಿಯನ್ನು ಶ್ವೇತಭವನ ಸುಮಾರು 1,000 ಕೋಟಿ ಡಾಲರ್ ಅಂತ ಅಂದಾಜಿಸಿತ್ತು. ಔಷಧ ಕಂಪನಿ ಮರ್ಕ್ 140 ಕೋಟಿ ಡಾಲರ್ ವಿಮೆ ಕೇಳಿತು. ವಿಮಾ ಕಂಪನಿಗಳ ಉತ್ತರ: ಇದು ಯುದ್ಧದ ಕೃತ್ಯ, ಯುದ್ಧಕ್ಕೆ ವಿಮೆ ಅನ್ವಯಿಸಲ್ಲ. ನ್ಯೂಜೆರ್ಸಿ ಕೋರ್ಟ್ ಮರ್ಕ್ ಪರ ತೀರ್ಪು ಕೊಟ್ಟಿತು, 2023ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು, 2024ರ ಜನವರಿಯಲ್ಲಿ ರಾಜಿಯಾಯ್ತು. ವಿಮಾ ಲೋಕ ಪಾಠ ಕಲಿತದ್ದು ತನ್ನದೇ ರೀತಿಯಲ್ಲಿ. ಸರ್ಕಾರಗಳ ಬೆಂಬಲದ ಸೈಬರ್ ದಾಳಿಯ ದೊಡ್ಡ ನಷ್ಟವನ್ನು ಹೊರಗಿಡುವ ಷರತ್ತು ಸೈಬರ್ ಪಾಲಿಸಿಗಳಲ್ಲಿ ಇರಲೇಬೇಕು ಅಂತ ಲಂಡನ್ನಿನ ಲಾಯ್ಡ್ಸ್ 2023ರಿಂದ ಕಡ್ಡಾಯ ಮಾಡಿತು. ಮರ್ಕ್‌ಗೆ ಕೋರ್ಟ್ ಮೆಟ್ಟಿಲೇರುವ ತಾಕತ್ತಿತ್ತು. ಕೀವ್‌ನ ನಾಲ್ಕು ಜನರ ಲೆಕ್ಕಪತ್ರದ ಆಫೀಸಿಗೆ ಅದೆಲ್ಲಿತ್ತು?

ಹಾಗಾದ್ರೆ ಅಪ್‌ಡೇಟೇ ಮಾಡಬಾರದಾ? ಇಲ್ಲೇ ಇರೋದು ಈ ಕಥೆಯ ಗಂಟು. ವಿಂಡೋಸ್ ಅಪ್‌ಡೇಟ್ ಮಾಡದವರು ಎಟರ್ನಲ್‌ಬ್ಲೂಗೆ ಸಿಕ್ಕರು, ತೆರಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದವರು ಬ್ಯಾಕ್‌ಡೋರ್‌ಗೆ ಸಿಕ್ಕರು. ನನ್ನ ಅಭಿಪ್ರಾಯ ಕೇಳಿದ್ರೆ, ಅಪ್‌ಡೇಟ್ ಮಾಡಲೇಬೇಕು. ಆದ್ರೆ ಒಂದು ಕಡೆ ಬೆಂಕಿ ಬಿದ್ರೆ ಇಡೀ ಮನೆ ಸುಡದ ಹಾಗೆ ಕಟ್ಟಿಕೊಳ್ಳಬೇಕು. ಲೆಕ್ಕದ ಕಂಪ್ಯೂಟರ್‌ಗೂ ಉಳಿದವಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಬೇಡ. ದಿನದ ಕೆಲಸ ಅಡ್ಮಿನ್ ಖಾತೆಯಲ್ಲಿ ಬೇಡ. ಬ್ಯಾಕಪ್‌ನ ಒಂದು ಪ್ರತಿ ಯಾವ ತಂತಿಗೂ ಸಿಕ್ಕಿಸದೆ ಬೀರುವಿನಲ್ಲಿ ಇರಲಿ. ಘಾನಾದಲ್ಲಿ ಕರೆಂಟ್ ಹೋಗಿದ್ದು ಅದೃಷ್ಟ, ನಾವು ಅದನ್ನೇ ಅಭ್ಯಾಸ ಮಾಡಿಕೊಳ್ಳಬಹುದು.

ನಮ್ಮೂರಿನ ಎಷ್ಟೋ ಅಕೌಂಟೆಂಟ್ ಆಫೀಸುಗಳಲ್ಲಿ ನೂರಾರು ವ್ಯಾಪಾರಿಗಳ ಜಿಎಸ್‌ಟಿ ಪಾಸ್‌ವರ್ಡ್, ಡಿಜಿಟಲ್ ಸಹಿಯ ಟೋಕನ್ ಒಂದೇ ಟೇಬಲ್ ಮೇಲೆ ಇರ್ತವೆ. ಕಿರಾಣಿ ಅಂಗಡಿಯವರು, ಅಡಿಕೆ ಮಂಡಿಯವರು ಅದನ್ನು ನಂಬಿಕೆಯ ಮೇಲೆ ಕೊಟ್ಟಿರ್ತಾರೆ. ಉಕ್ರೇನ್‌ನಲ್ಲಿ ಕದ್ದಿದ್ದು ಅಂಥದ್ದೇ ನಂಬಿಕೆಯನ್ನು. ನಿಮ್ಮ ಲೆಕ್ಕ ನೋಡಿಕೊಳ್ಳುವವರನ್ನು ಮುಂದಿನ ಸಲ ಕಂಡಾಗ ಕೇಳಿ: 'ಸಾರ್, ನಮ್ಮ ಬ್ಯಾಕಪ್ ಎಲ್ಲಿದೆ?' ಅವರು ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡ್ರೂ ಪರವಾಗಿಲ್ಲ, ಕೇಳಿ.